ಮೆಟ್ಟಿಲ ಬುಡದ ಗೈರುಹಾಜರಿ

ನಮ್ಮ ಕ್ರೈಸ್ತ ಸಭೆಯಲ್ಲಿ ಪ್ರೀತಿಗೇನೂ ಕೊರತೆಯಿಲ್ಲ. ಪ್ರೀತಿಗೆಂದೇ ಒಂದು ಸಮಿತಿಯಿದೆ. ಅದಕ್ಕೆ ಅಧ್ಯಕ್ಷರಿದ್ದಾರೆ, ಹದಿನೆಂಟು ಪುಟದ ನಿಯಮಾವಳಿಯಿದೆ, ಒಂದು ರಬ್ಬರ್ ಮೊಹರಿದೆ, ಒಬ್ಬ ಕಾರ್ಯದರ್ಶಿಯಿದ್ದಾನೆ. ಆ ಕಾರ್ಯದರ್ಶಿ ನಾನು. ಹನ್ನೊಂದು ವರ್ಷದಿಂದ ನಡಾವಳಿ ಪುಸ್ತಕ ಬರೆಯುತ್ತಿದ್ದೇನೆ. ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ ಮಾಡುತ್ತೇನೆ. ಆಸ್ಪತ್ರೆ, ಹೋಟೆಲು, ದೊಡ್ಡ ದೊಡ್ಡ ಕಚೇರಿ, ಎಲ್ಲಿ ಲಿಫ್ಟ್ ಕೆಟ್ಟು ನಿಂತರೂ ನನಗೇ ಫೋನು. ಹತ್ತಲಾಗದವರನ್ನು ಮೇಲೆ ಹತ್ತಿಸುವುದರಿಂದಲೇ ನನ್ನ ಮನೆಯ ಒಲೆ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಈ ಕಥೆಯಲ್ಲಿ ದಡ್ಡರು ಬೇಕಾದಷ್ಟಿದ್ದಾರೆ, ಆದರೆ ಕಸುಬೇ ಗೊತ್ತಿದ್ದೂ ದಡ್ಡನಾದವನು ನಾನೊಬ್ಬನೇ.

ಮೂರು ವರ್ಷದ ಹಿಂದೆ ನಮ್ಮ ಹಳೆಯ ಆರಾಧನಾ ಮಂದಿರವನ್ನು ಕೆಡವಿ ಹೊಸದು ಕಟ್ಟಿದೆವು. ಹಳೆಯದಕ್ಕೆ ಒಂದೇ ಒಂದು ಹೊಸ್ತಿಲಿತ್ತು. ಯಾರು ಬೇಕಾದರೂ ದಾಟಿ ಒಳಗೆ ಬರಬಹುದಾಗಿತ್ತು, ಅದೇ ಅದರ ದೋಷವಾಗಿತ್ತೇನೋ. ಹೊಸದರಲ್ಲಿ ಕೆಳಗೆ ಗಾಡಿ ನಿಲ್ಲಿಸುವ ಜಾಗ, ಮೇಲೆ ಆರಾಧನೆ. ನಡುವೆ ಇಪ್ಪತ್ತನಾಲ್ಕು ಮೆಟ್ಟಿಲು, ಮುಖ ನೋಡಿಕೊಳ್ಳುವಷ್ಟು ಪಾಲಿಶ್ ಹಾಕಿದ ಕರಿ ಕಲ್ಲಿನವು. ಹಿಡಿದುಕೊಂಡು ಹತ್ತಲು ಪಕ್ಕದಲ್ಲಿ ಕೈಹಿಡಿ ಇಲ್ಲ. ಕೈಹಿಡಿ ಹಾಕಿದರೆ ಫೋಟೋದಲ್ಲಿ ಕಲ್ಲಿನ ಅಂದ ಕಾಣುವುದಿಲ್ಲವೆಂದು ಸಿಮೆಂಟ್ ಸಾಹುಕಾರರು ಹೇಳಿದರು. ಕಲ್ಲು ಕೊಟ್ಟವರೇ ಅವರು, ಆದ್ದರಿಂದ ಕಲ್ಲಿನ ಅಂದದ ವಿಷಯದಲ್ಲಿ ಅವರ ಮಾತೇ ಅಂತಿಮ. ಅವರ ಹೆಸರು ಮೊದಲ ಮೆಟ್ಟಿಲ ಮೇಲೆಯೇ ಇದೆ, ಎಲ್ಲರೂ ತುಳಿದುಕೊಂಡು ಹೋಗುವಂತೆ. ಅದು ಅವರ ವಿನಯ.

ಟೈಲರ್ ಮಾವನ ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಅವರು ಯಾರಿಗೆ ನಿಜವಾದ ಮಾವನೋ ಗೊತ್ತಿಲ್ಲ, ಸಭೆಗೆಲ್ಲ ಮಾವ. ವಯಸ್ಸು ಎಪ್ಪತ್ತನಾಲ್ಕು. ನನ್ನ ಮದುವೆಯ ಕೋಟು ಅವರು ಹೊಲಿದದ್ದು, ಪಾಸ್ಟರ ನಿಲುವಂಗಿ ಅವರದು, ಹಾಡುಗಾರರ ಹದಿನೆಂಟು ಗೌನುಗಳೂ ಅವರವೇ. ನಲವತ್ತೈದು ವರ್ಷ ಹೊಲಿಗೆ ಯಂತ್ರವನ್ನು ಕಾಲಲ್ಲಿ ತುಳಿದು ತುಳಿದು ಎರಡೂ ಮಂಡಿ ಸವೆದುಹೋಗಿದ್ದವು. ಸಮತಟ್ಟಿನಲ್ಲಿ ಕೋಲೂರಿ ನಡೆಯುತ್ತಿದ್ದರು. ಮೆಟ್ಟಿಲು ಮಾತ್ರ ಆಗದು.

ಹೊಸ ಮಂದಿರದ ಮೊದಲ ಭಾನುವಾರ ಅವರು ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು. ಆಮೇಲೆ ರಾತ್ರಿ ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿಯನ್ನು ಕಂಬದ ಪಕ್ಕಕ್ಕೆ ಎಳೆದುಕೊಂಡು ಕೂತರು. ಆ ಕಂಬಕ್ಕೆ ಒಂದು ಸ್ಪೀಕರ್ ಕಟ್ಟಿದ್ದೆವು, ಹಾಡು, ಪಾಸ್ಟರ ಪ್ರಸಂಗ ಎಲ್ಲ ಅಲ್ಲಿಗೂ ಕೇಳಿಸುತ್ತಿತ್ತು. ನಾನು ಗಾಡಿ ನಿಲ್ಲಿಸಿ ಬಂದೆ.

"ಯಾಕ್ ಮಾವ, ಇಲ್ಲೇ ಕೂತ್ರಿ?"

"ಮಂಡಿ ಮಾತು ಕೇಳ್ತಿಲ್ಲ ಕಣಪ್ಪ."

"ಅಯ್ಯೋ ಪಾಪ. ಪ್ರಾರ್ಥನೆ ಮಾಡ್ತೀವಿ ಮಾವ," ಎಂದೆ. ಹಾಗೆಂದವನು ನನ್ನ ಹೆಲ್ಮೆಟ್ಟನ್ನು ಅವರ ತೊಡೆಯ ಮೇಲಿಟ್ಟೆ. "ಇದನ್ನ ಸ್ವಲ್ಪ ನೋಡ್ಕೊಂಡಿರಿ, ಹೋದ ತಿಂಗಳು ಒಂದು ಹೊಡ್ಕೊಂಡ್ ಹೋದ್ರು."

ಪ್ರಾರ್ಥನೆ ಮೇಲೆ ಹೋಗುವಷ್ಟರಲ್ಲಿ ಮರೆತುಹೋಯಿತು. ಹೆಲ್ಮೆಟ್ಟು ಮರೆಯಲಿಲ್ಲ.

ಮುಂದಿನ ವಾರ ನನ್ನನ್ನು ನೋಡಿ ಇನ್ನಿಬ್ಬರು ಅವರ ಹತ್ತಿರ ಹೆಲ್ಮೆಟ್ಟಿಟ್ಟರು. ಒಂದು ತಿಂಗಳಲ್ಲಿ ಅವರ ಕುರ್ಚಿಯ ಸುತ್ತ ಹೆಲ್ಮೆಟ್ಟು, ಛತ್ರಿ, ಕೈಚೀಲಗಳ ಸಂತೆಯೇ ನೆರೆಯಿತು. ಯಾರದು ಯಾವುದೆಂದು ಅವರಿಗೆ ಬಾಯಿಪಾಠವಾಗಿತ್ತು. ನಾವೆಲ್ಲ ಇಳಿದು ಬರುವಾಗ ಕೇಳುವ ಮೊದಲೇ ಎತ್ತಿ ಕೊಡುತ್ತಿದ್ದರು. ನಾವೂ ಕ್ರೈಸ್ತರು ತಾನೆ, ನಗುತ್ತಾ "ದೇವರು ಒಳ್ಳೇದು ಮಾಡ್ಲಿ ಮಾವ" ಎನ್ನುತ್ತಿದ್ದೆವು. ಒಳ್ಳೆಯದು ಮಾಡುವ ಕೆಲಸವನ್ನು ದೇವರಿಗೆ ವಹಿಸಿ ಊಟಕ್ಕೆ ಮನೆಗೆ ಹೋಗುತ್ತಿದ್ದೆವು.

ತೊಡಕು ಬಂದದ್ದು ಹಾಜರಿ ಪುಸ್ತಕದಲ್ಲಿ. ತಿಂಗಳಿಗೊಮ್ಮೆ ಕರ್ತನ ಭೋಜನ. ಆ ದಿನ ಮೇಲಿನ ಬಾಗಿಲಲ್ಲಿ ಪುಸ್ತಕವಿರುತ್ತದೆ, ಸದಸ್ಯರು ಹೆಸರಿನ ಮುಂದೆ ಗುರುತು ಹಾಕಿ ಒಳಗೆ ಬಂದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬೇಕು. ಹಾಸಿಗೆ ಹಿಡಿದವರಿಗಾದರೆ ಪಾಸ್ಟರು ಮನೆಗೇ ಒಯ್ದು ಕೊಡುತ್ತಾರೆ. ಟೈಲರ್ ಮಾವ ಹಾಸಿಗೆ ಹಿಡಿದಿರಲಿಲ್ಲ. ಹಿಡಿದಿದ್ದರೆ ಪ್ರತಿ ಭಾನುವಾರ ಮೆಟ್ಟಿಲ ಬುಡದಲ್ಲಿ ಹೇಗೆ ಕಾಣುತ್ತಿದ್ದರು? ಆದ್ದರಿಂದ ಅವರಿಗೆ ಮನೆಯಲ್ಲಿ ಭೋಜನವಿಲ್ಲ. ಮೇಲೆ ಬರಲಿಲ್ಲ, ಆದ್ದರಿಂದ ಮಂದಿರದಲ್ಲೂ ಇಲ್ಲ. ರೋಗಿಯೆನ್ನಲು ಬಾರದಷ್ಟು ಹಾಜರು, ಸದಸ್ಯನೆನ್ನಲು ಬಾರದಷ್ಟು ಗೈರು. ಇಂಥ ಜಾಗವೊಂದು ಭೂಮಿಯ ಮೇಲೆ ಇರಲು ಸಾಧ್ಯವೆಂದು ನಮ್ಮ ಸಮಿತಿ ಕಂಡುಹಿಡಿಯುವವರೆಗೆ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕು ತಿಂಗಳು ಗುರುತು ಬೀಳದೆ ಹೋದಾಗ ಸಮಿತಿಗೆ ಕಳವಳವಾಯಿತು. ನಮ್ಮ ಅಧ್ಯಕ್ಷರು ನಿವೃತ್ತ ಹೆಡ್‌ಮೇಷ್ಟ್ರು. ಇಡೀ ಜೀವಮಾನ ಹಾಜರಿ ಕೂಗಿದವರು, ಪರಲೋಕಕ್ಕೂ ಒಂದು ಹಾಜರಿ ಪುಸ್ತಕವಿದೆಯೆಂದು ನಂಬಿದವರು. "ಆತನ ವಿಶ್ವಾಸ ತಣ್ಣಗಾಗಿದೆ," ಎಂದರು. ಬುಧವಾರದ ಪ್ರಾರ್ಥನಾ ಕೂಟದ ಪಟ್ಟಿಗೆ "ಟೈಲರ್ ಸಹೋದರರ ತಣ್ಣಗಾದ ವಿಶ್ವಾಸ ಮತ್ತೆ ಹೊತ್ತಿಕೊಳ್ಳಲಿ" ಎಂದು ಸೇರಿಸಿದೆವು. ಬರೆದದ್ದು ನಾನೇ, ದುಂಡಗಿನ ಅಕ್ಷರದಲ್ಲಿ.

ಅದೇ ಹೊತ್ತಿಗೆ ಹಾಡುಗಾರರ ಗೌನಿನ ಪ್ರಕರಣ ನಡೆಯಿತು. ಹಾಡುಗಾರರ ಮುಖಂಡಳು ನನ್ನ ಹೆಂಡತಿ. ಪಾದ ಮುಚ್ಚುವ ಗೌನು ತೊಟ್ಟು ಆ ಮೆಟ್ಟಿಲು ಹತ್ತುವಾಗ ಎರಡು ವಾರಕ್ಕೊಬ್ಬರು ಎಡವುತ್ತಿದ್ದರು. ಒಮ್ಮೆ ಮೂವರು ಒಬ್ಬರ ಮೇಲೊಬ್ಬರು ಬಿದ್ದರು, ಹಾಡು ಮಾತ್ರ ನಿಲ್ಲಲಿಲ್ಲ. ಹದಿನೆಂಟು ಗೌನಿನ ಅಂಚನ್ನೂ ಎರಡಿಂಚು ಎತ್ತಿಸಬೇಕೆಂದು ಇವಳು ಗಂಟು ಕಟ್ಟಿಕೊಂಡು ಟೈಲರ್ ಮಾವನ ಅಂಗಡಿಗೆ ಹೋದಳು. ಅಳತೆಗೆ ತಾನೇ ಒಂದನ್ನು ತೊಟ್ಟು ನಿಂತಳು.

"ನಂಗೆ ಬಗ್ಗೋಕಾಗಲ್ಲಮ್ಮ," ಎಂದರಂತೆ ಮಾವ. "ನೀನೇ ಆ ಮೇಜಿನ ಮೇಲೆ ಹತ್ತಿ ನಿಂತ್ಕೋ, ನಾನು ಸ್ಟೂಲಲ್ಲಿ ಕೂತು ಪಿನ್ ಹಾಕ್ತೀನಿ. ಒಂದೊಂದ್ ಮೆಟ್ಲು ಎಷ್ಟೆತ್ತರ ಇದೆ?"

"ಎಂಟಿಂಚು, ಮಾವ."

"ಓ," ಎಂದು ಪಿನ್ನು ಚುಚ್ಚಿದರಂತೆ.

ಹೀಗೆ ಬಗ್ಗಲಾಗದವರ ಎದುರು ಮೇಜಿನ ಮೇಲೆ ನಿಂತು, ಅಂಚಿನ ತುಂಬ ಪಿನ್ನು ಚುಚ್ಚಿಸಿಕೊಂಡು, ನನ್ನ ಹೆಂಡತಿ ಕಣ್ಣು ಮುಚ್ಚಿ ಪ್ರಾರ್ಥಿಸಿದಳು: ಕರ್ತನೇ, ಈ ನಿನ್ನ ದಾಸ ಮತ್ತೆ ಮಂದಿರದ ದಾರಿ ಹಿಡಿಯುವಂತೆ ಮಾಡು. ಮಾವ ಬಾಯಲ್ಲಿದ್ದ ಪಿನ್ನುಗಳನ್ನು ಕೈಗೆ ತೆಗೆದುಕೊಂಡು "ಆಮೆನ್" ಎಂದರಂತೆ. ಮನೆಗೆ ಬಂದು ಇದನ್ನು ನನಗೆ ಹೇಳುವಾಗ ಅವಳಿಗೆ ಕಣ್ಣು ತುಂಬಿತ್ತು, ಅಷ್ಟು ಚೆನ್ನಾಗಿ ಮೂಡಿಬಂದಿತ್ತಂತೆ ಪ್ರಾರ್ಥನೆ. ನಾನೂ ಮೆಚ್ಚಿಕೊಂಡೆ. ಇಬ್ಬರಿಗೂ ಏನೂ ಹೊಳೆಯಲಿಲ್ಲ. ಗಂಡ ಹೆಂಡತಿ ಹೀಗೆ ಒಂದೇ ಮನಸ್ಸಿನವರಾಗಿರುವುದು ಅಪರೂಪ.

ಆರು ಭೋಜನ ಸತತವಾಗಿ ತಪ್ಪಿದರೆ ನಿಯಮ ಹನ್ನೆರಡರ ಪ್ರಕಾರ ನೋಟೀಸು ಹೋಗಬೇಕು. ಸಮಿತಿಯ ಮುಂದೆ ಖುದ್ದಾಗಿ ಹಾಜರಾಗಿ ಕಾರಣ ಹೇಳಬೇಕು, ಇಲ್ಲವಾದರೆ ಹೆಸರು ತೆಗೆಯಲಾಗುವುದು. ನೋಟೀಸು ಟೈಪು ಮಾಡಿ, ಮೊಹರು ಒತ್ತಿ, ಲಕೋಟೆಗೆ ಹಾಕಿದೆ. ಅಂಚೆಗೆ ಯಾಕೆ ದಂಡವೆಂದು ಭಾನುವಾರ ಹೆಲ್ಮೆಟ್ಟಿನ ಜೊತೆಗೇ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಹೊಲಿಗೆಯವರು ಬಟ್ಟೆ ನೋಡುವ ಹಾಗೆ, ಕಾಗದವನ್ನು ಮಗುಚಿ ಹಿಂದುಗಡೆಯನ್ನೂ ನೋಡಿದರು.

"ಹೆಸರು ತೆಗೆದ್ರೆ ಏನಾಗುತ್ತಪ್ಪ?"

"ಏನಿಲ್ಲ ಮಾವ. ಓಟು ಹಾಕೋ ಹಾಗಿಲ್ಲ. ಸಮಿತಿಗೆ ನಿಲ್ಲೋ ಹಾಗಿಲ್ಲ."

"ಅದಿರ್ಲಿ. ಅವಳ ಪಕ್ಕದ ಜಾಗ?"

ನಮ್ಮ ಸಮಾಧಿ ತೋಟ ಮಂದಿರದ ಹಿಂದೆಯೇ ಇದೆ. ಒಂಬತ್ತು ವರ್ಷದ ಹಿಂದೆ ತೀರಿಕೊಂಡ ಅವರ ಹೆಂಡತಿಯನ್ನು ಗೋಡೆಯ ಸಾಲಿನಲ್ಲಿ ಮಲಗಿಸಿದ್ದಾರೆ. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗವನ್ನು ಮಾವನ ಹೆಸರಿಗೆ ಬಿಟ್ಟಿದ್ದಾರೆ. ಸದಸ್ಯರಿಗೆ ಮಾತ್ರ ಅಲ್ಲಿ ಮಣ್ಣು.

"ನಿಯಮ ಮಾವ," ಎಂದೆ.

"ಅವಳಿಗೆ ಒಬ್ಳೇ ಇರೋಕೆ ಹೆದರಿಕೆ ಕಣೋ," ಎಂದರು. "ಕರೆಂಟ್ ಹೋದ್ರೆ ಸಾಕು, ಎಲ್ಲಿದ್ರೂ ಬಂದು ನನ್ನ ಕೈ ಹಿಡ್ಕೊಳ್ತಿದ್ಲು. ನಾನ್ ಬರ್ತೀನಿ ಅಂತ ಹೇಳಿ ಕಳ್ಸಿದ್ದೀನಿ ಅವಳ್ನ."

ಕಾಗದವನ್ನು ನಾಲ್ಕಾಗಿ ಮಡಿಸಿ ಎದೆಯ ಜೇಬಿಗೆ ಹಾಕಿಕೊಂಡರು. ನಾನು ಮೆಟ್ಟಿಲು ಹತ್ತಿದೆ. ಆ ದಿನದಿಂದ ನಾಲ್ಕು ವಾರ ಪಾಸ್ಟರು ಒಂದೇ ವಿಷಯದ ಮೇಲೆ ಪ್ರಸಂಗ ಮಾಡಿದರು. ನಡೆಯಲಾಗದ ಮನುಷ್ಯನೊಬ್ಬನನ್ನು ನಾಲ್ವರು ಹಾಸಿಗೆಯ ಸಮೇತ ಹೊತ್ತು ತಂದು, ಜನಜಂಗುಳಿ ದಾಟಲಾಗದೆ, ಮಾಳಿಗೆ ತೆಗೆದು ಯೇಸುವಿನ ಮುಂದೆ ಇಳಿಸಿದರಲ್ಲ, ಆ ಕಥೆ. ವಾರಕ್ಕೆ ಒಬ್ಬ ಹೊರುವವನಂತೆ ನಾಲ್ಕು ವಾರ. ಮೊದಲನೆಯವನ ವಿಶ್ವಾಸ, ಎರಡನೆಯವನ ಸೈರಣೆ, ಮೂರನೆಯವನ ಧೈರ್ಯ, ನಾಲ್ಕನೆಯವನ ಭುಜಬಲ. ಸ್ಪೀಕರಿನಲ್ಲಿ ಕೆಳಗೂ ಬಹಳ ಸ್ಪಷ್ಟವಾಗಿ ಕೇಳಿಸುತ್ತಿತ್ತಂತೆ. ನಾವು ಮೇಲೆ ಕೂತು ತಲೆದೂಗಿದೆವು. ಸಿಮೆಂಟ್ ಸಾಹುಕಾರರು ನಾಲ್ಕನೆಯವನಿಗೆ ಕಣ್ಣೊರೆಸಿಕೊಂಡರು.

ಸಮಿತಿ ಸೇರಿದ್ದು ನಾಲ್ಕನೆಯ ಭಾನುವಾರವೇ, ಆರಾಧನೆ ಮುಗಿದ ಕೂಡಲೇ. ಅವತ್ತು ಕರ್ತನ ಭೋಜನವೂ ಇತ್ತು. ಜನ ಇಳಿದು ತಮ್ಮ ತಮ್ಮ ಸಾಮಾನು ತೆಗೆದುಕೊಂಡು ಮನೆಗೆ ಹೋದರು. ಮೇಲೆ ಉಳಿದವರು ನಾಲ್ಕೇ ಜನ: ಪಾಸ್ಟರು, ಹೆಡ್‌ಮೇಷ್ಟ್ರು, ಸಿಮೆಂಟ್ ಸಾಹುಕಾರರು, ನಾನು. ನಮ್ಮ ನಾಲ್ಕೂ ಹೆಲ್ಮೆಟ್ಟು ಕೆಳಗೆ, ಯಾರ ಹೆಸರು ತೆಗೆಯಲು ಕೂತಿದ್ದೆವೋ ಅವರ ಕಾಲ ಬಳಿಯೇ ಇದ್ದವು.

ಮೊದಲ ಮೂರು ವಿಷಯ ಬೇಗ ಮುಗಿದವು. ನಾಲ್ಕನೆಯದು ಟೈಲರ್ ಮಾವನದು.

"ನಿಯಮದ ಪ್ರಕಾರ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿ," ಎಂದರು ಹೆಡ್‌ಮೇಷ್ಟ್ರು.

ನಾನು ಬಾಗಿಲಿಗೆ ಹೋಗಿ ಹೆಸರು ಕೂಗಿದೆ.

"ಇಲ್ಲೇ ಇದ್ದೀನಪ್ಪ," ಎಂದು ಕೆಳಗಿಂದ ದನಿ ಬಂತು.

ಎರಡನೆಯ ಸಲ ಕೂಗಿದೆ.

"ಇದ್ದೀನಿ ಅಂದ್ನಲ್ಲೋ!"

ಮೂರನೆಯ ಸಲ ಕೂಗುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು. "ಎಲ್ಲಿಗೆ ಹೋಗ್ಲಿ ನಾನು, ನಿಮ್ಮ ಹೆಲ್ಮೆಟ್ ಬಿಟ್ಟು?" ಎಂದರು.

ಒಳಗೆ ಬಂದು, "ಸಾರ್, ಇದ್ದಾರಂತೆ," ಎಂದೆ.

"ಎಲ್ಲಿ?"

"ಕೆಳಗೆ."

"ಸಮಿತಿ ಎಲ್ಲಿ ಕೂತಿದೆ?"

"ಮೇಲೆ."

"ಮಕ್ಕಳು ಆಟದ ಮೈದಾನದಲ್ಲಿದ್ರೆ ಕ್ಲಾಸಿಗೆ ಹಾಜರಿ ಕೊಡೋಕಾಗುತ್ತೇನ್ರೀ? ಗೈರು ಅಂತ ಬರೀರಿ."

ನಾನು ಪಾಸ್ಟರ ಮುಖ ನೋಡಿದೆ. ಪಾಸ್ಟರು ಕಿಟಕಿ ನೋಡುತ್ತಿದ್ದರು. ಗೈರು ಎಂದು ಬರೆದೆ. ಹನ್ನೊಂದು ವರ್ಷದ ಅಭ್ಯಾಸ, ಹೇಳಿದ್ದನ್ನು ಕೈ ಬರೆದುಬಿಡುತ್ತದೆ.

"ಹೆಸರು ತೆಗೆಯೋ ನಿರ್ಣಯಕ್ಕೆ ಕೊನೇಲಿ ಒಟ್ಟಿಗೇ ಸಹಿ ಹಾಕೋಣ," ಎಂದರು ಹೆಡ್‌ಮೇಷ್ಟ್ರು. "ಐದನೇ ವಿಷಯ."

ಐದನೆಯ ವಿಷಯ ಸಾಹುಕಾರರದು. ಅವರು ಗಂಟಲು ಸರಿಮಾಡಿಕೊಂಡು ಹೇಳಿದರು: "ಹೊಸ ಮಂದಿರಕ್ಕೆ ಬಂದ ಮೇಲೆ ಕೆಳಗೆ ಒಂದೇ ಒಂದು ಹೆಲ್ಮೆಟ್ ಕಳುವಾಗಿಲ್ಲ. ಮುಂಚೆ ತಿಂಗ್ಳಿಗೆ ಎರಡು ಹೋಗ್ತಿತ್ತು. ಇದಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸ್ಬೇಕು ಅಂತ ನನ್ನ ಸೂಚನೆ."

"ಬರ್ಕೊಳ್ಳಿ," ಎಂದರು ಹೆಡ್‌ಮೇಷ್ಟ್ರು.

ಬರೆದುಕೊಳ್ಳತೊಡಗಿದೆ. ಗೈರು ಎಂಬ ಪದದ ಶಾಯಿ ಇನ್ನೂ ಆರಿರಲಿಲ್ಲ. ಅದರ ಕೆಳಗಿನ ಸಾಲಿನಲ್ಲೇ "ಹೆಲ್ಮೆಟ್ಟುಗಳನ್ನು ಕಾಯ್ದ ದೇವರಿಗೆ" ಎಂದು ಬರೆದೆ. ಅಲ್ಲಿಗೆ ಪೆನ್ನು ನಿಂತಿತು. ಎರಡು ಸಾಲನ್ನೂ ಮತ್ತೆ ಓದಿದೆ. ನಾಚಿಕೆ ಎಂಬುದು ನಿಧಾನವಾಗಿ ಬರುವ ಮಾಲು, ಆದರೆ ಬಂದಾಗ ಒಂದೇ ಏಟಿಗೆ ಕಿವಿಯವರೆಗೂ ಬರುತ್ತದೆ.

"ನಾನು ಬರೆಯಲ್ಲ," ಎಂದೆ.

"ಏನ್ರೀ ಹಾಗಂದ್ರೆ?"

"ಹೆಲ್ಮೆಟ್ ಕಾದಿದ್ದು ಯಾರು ಸಾರ್? ನಿಮ್ಮದು ಈಗ ಯಾರ ಕಾಲ್ ಹತ್ರ ಇದೆ? ಪ್ರತಿ ಭಾನ್ವಾರ ಯಾರ್ ಕೈಗೆ ಕೊಟ್ಟು ಬರ್ತೀರಿ? ಅವ್ರು ಗೈರಾಗಿದ್ರೆ ನಮ್ ಹೆಲ್ಮೆಟ್ಟು ಯಾರ್ ಕೈಯಲ್ಲಿದ್ವು ಇಷ್ಟ್ ದಿನ?" ದನಿ ಏರಿತ್ತು, ಇಳಿಸಲು ಮನಸ್ಸಾಗಲಿಲ್ಲ. "ಎರಡೂ ಸಾಲು ಒಂದೇ ಪುಟದಲ್ಲಿ ಬರೆಯೋಕೆ ನನ್ನ ಕೈಲಿ ಆಗಲ್ಲ. ಯಾವ್ದಾದ್ರೂ ಒಂದು ಸುಳ್ಳು, ಯಾವ್ದು ಅಂತ ನೀವೇ ಹೇಳಿ."

ನಾನು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದಡದಡನೆ ಮೆಟ್ಟಿಲಿಳಿದೆ. ಸಹಿಯಾಗದ ಪುಸ್ತಕ ಮಂದಿರದ ಹೊರಗೆ ಹೋಗಬಾರದೆಂಬುದು ನಿಯಮ ಮೂರು. ಹೆಡ್‌ಮೇಷ್ಟ್ರು ನಿಯಮವನ್ನು ಹಿಂಬಾಲಿಸಿ ಇಳಿದರು, ಉಳಿದಿಬ್ಬರು ಅವರನ್ನು ಹಿಂಬಾಲಿಸಿದರು. ಹೀಗೆ ಪ್ರೀತಿಯ ಸಮಿತಿ ಮೊಟ್ಟಮೊದಲ ಬಾರಿಗೆ ಕೆಳಗಿಳಿದು ಬಂತು.

ನಾವು ಮನೆಗೆ ಹೊರಟೆವೆಂದು ತಿಳಿದ ಮಾವ ಕೂತಲ್ಲಿಂದಲೇ ಒಬ್ಬೊಬ್ಬರಿಗೂ ಹೆಲ್ಮೆಟ್ಟು ಎತ್ತಿ ಕೊಡತೊಡಗಿದರು. "ಇದು ಪಾಸ್ಟರದು. ಇದು ಸಾಹುಕಾರರದು, ಪಟ್ಟಿ ಕಿತ್ತಿತ್ತು, ಎರಡು ಹೊಲಿಗೆ ಹಾಕಿದ್ದೀನಿ. ಮೇಷ್ಟ್ರೇ, ತಗೊಳ್ಳಿ ನಿಮ್ದು." ನಾವು ತೆಗೆದುಕೊಂಡು, ಏನು ಮಾಡಬೇಕೆಂದು ತೋಚದೆ, ಮಡಕೆ ಹಿಡಿದವರಂತೆ ಹಿಡಿದು ನಿಂತೆವು.

"ಮೇಲೆ ಯಾಕೆ ಬರಲ್ಲ ನೀವು?" ಎಂದರು ಹೆಡ್‌ಮೇಷ್ಟ್ರು. ದನಿಯಲ್ಲಿ ಮೊದಲಿನ ಖಾರವಿರಲಿಲ್ಲ. ನಿಜವಾಗಿ ಕೇಳಿದ್ದು ಅದೇ ಮೊದಲು.

"ಹತ್ತೋಕಾಗಲ್ಲ ಮೇಷ್ಟ್ರೇ. ಎಂಟಿಂಚಿಗೊಂದು ಮೆಟ್ಲು, ನನ್ನ ಮಂಡಿ ಎರಡಿಂಚೂ ಏಳಲ್ಲ."

"ಯಾರಿಗೂ ಹೇಳೇ ಇಲ್ವಲ್ಲ!"

ಮಾವ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ವಾಸಿಯಿತ್ತು. "ನನಗೆ ಹೇಳಿದ್ರು," ಎಂದೆ ನಾನೇ. "ಮೊದಲ್ನೇ ವಾರಾನೇ ಹೇಳಿದ್ರು. ಲಿಫ್ಟ್ ರಿಪೇರಿಯವನಿಗೆ ಹೇಳಿದ್ರು, ನೋಡಿ."

ಸಾಹುಕಾರರಿಗೆ ಆ ಮಾತಲ್ಲಿ ದಾರಿ ಕಂಡಿತು. "ಅದಕ್ಕೇನಂತೆ! ಒಂದು ಲಿಫ್ಟೇ ಹಾಕಿಸಿಬಿಡೋಣ. ಒಂದು ಉಪಸಮಿತಿ ಮಾಡೋಣ. ನಕ್ಷೆ, ಅನುಮತಿ, ಎಲ್ಲ ಸೇರಿ ಎರಡು ವರ್ಷದಲ್ಲಿ..."

"ಲಿಫ್ಟ್ ಬರೋ ಹೊತ್ತಿಗೆ ನಾನು ಮಲಗಿಕೊಂಡೇ ಹತ್ತಿರ್ತೀನಿ ಬಿಡಿ," ಎಂದರು ಮಾವ. ಜೇಬಿನಿಂದ ನೋಟೀಸು ತೆಗೆದು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. "ಸತ್ತ ಮೇಲೆ ಪೆಟ್ಟಿಗೇಲಿ ಹಾಕಿ, ನಾಲ್ಕು ಜನ ಹೆಗಲು ಕೊಟ್ಟು, ಮೇಲೆ ಹೊತ್ಕೊಂಡ್ ಹೋಗೇ ಹೋಗ್ತೀರಲ್ಲ. ಆಗ ನಂಗೆ ಹಾಡೂ ಕೇಳ್ಸಲ್ಲ, ರೊಟ್ಟೀನೂ ತಿನ್ನೋಕಾಗಲ್ಲ. ಅದೇ ಕೆಲ್ಸ ಈಗ್ಲೇ ಮಾಡಿಬಿಡಿ. ಪೆಟ್ಟಿಗೆಗಿಂತ ಕುರ್ಚಿ ಹಗುರ."

ಪಾಸ್ಟರ ಮುಖ ಕೆಂಪಗಾಯಿತು. ನಾಲ್ಕು ವಾರ, ನಾಲ್ಕು ಹೊರುವವರು, ತಲಾ ನಲವತ್ತು ನಿಮಿಷ. ಅವರು ಹೆಲ್ಮೆಟ್ಟನ್ನು ನೆಲಕ್ಕಿಟ್ಟರು, ನಿಲುವಂಗಿಯ ತೋಳನ್ನು ಮೊಣಕೈಯವರೆಗೆ ಮಡಿಸಿ ಕುರ್ಚಿಯ ಮುಂದಿನ ಕಾಲು ಹಿಡಿದರು. "ಬನ್ನಿ," ಎಂದರು, ಅಷ್ಟೇ. ಅವರು ಮಾಡಿದ ಪ್ರಸಂಗಗಳಲ್ಲಿ ಅತಿ ಚಿಕ್ಕದೂ ಅತಿ ಚೆನ್ನಾದದ್ದೂ ಅದೇ.

ಇನ್ನೊಂದು ಮುಂಗಾಲು ನನ್ನದು, ಹಿಂದಿನ ಎರಡು ಹೆಡ್‌ಮೇಷ್ಟ್ರು ಮತ್ತು ಸಾಹುಕಾರರದು. ಹತ್ತಿದೆವು. ಆರನೆಯ ಮೆಟ್ಟಿಲಿಗೆ ಸಾಹುಕಾರರು ದೇವರನ್ನು ಕರೆದರು. ಹತ್ತನೆಯದಕ್ಕೆ ಹೆಡ್‌ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಬಂತು. ಹದಿನೈದನೆಯದರಲ್ಲಿ ನನ್ನ ಕಾಲು ಜಾರಿತು. "ಹುಷಾರು, ನಂಗೆ ಹೆಲ್ಮೆಟ್ಟೂ ಇಲ್ಲ," ಎಂದರು ಮಾವ. ಹದಿನೆಂಟನೆಯದಕ್ಕೆ ಸಾಹುಕಾರರು ನಿಂತುಬಿಟ್ಟರು. "ಇದಕ್ಕೊಂದು ಕೈಹಿಡಿ ಹಾಕ್ಸದೇ ಇದ್ದ ಬುದ್ಧಿವಂತ ಯಾರು?" ಎಂದು ಏದುಸಿರು ಬಿಟ್ಟರು. ಅವರಿಗೇ ನೆನಪಾಗಿ ತುಟಿ ಕಚ್ಚಿಕೊಂಡು ಮತ್ತೆ ಎತ್ತಿದರು.

ಮೇಲೆ ಮೇಜಿನ ಮೇಲೆ ಬೆಳಗಿನ ರೊಟ್ಟಿ ಉಳಿದಿತ್ತು, ಬಟ್ಟಲಲ್ಲಿ ಒಂದು ಗುಟುಕೂ ಇತ್ತು. ಪಾಸ್ಟರು ಬೆವರು ಒರೆಸಿಕೊಳ್ಳದೆಯೇ ಮುರಿದು ಕೊಟ್ಟರು. ಮಾವ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ಗೋಡೆ, ಮಾಡು, ಕಿಟಕಿ, ಎಲ್ಲವನ್ನೂ ಒಂದೊಂದಾಗಿ ನೋಡಿದರು. ಮಂದಿರ ಕಟ್ಟಿ ಏಳು ತಿಂಗಳಾಗಿತ್ತು, ಅವರು ಒಳಗೆ ಬಂದದ್ದು ಅವತ್ತೇ ಮೊದಲು. ಕಿಟಕಿಯಿಂದ ಸಮಾಧಿ ತೋಟ ಕಾಣುತ್ತಿತ್ತು.

"ಇಲ್ಲಿಂದ ಅವಳು ಕಾಣ್ತಾಳಲ್ಲೋ," ಎಂದರು ನನಗೆ. "ಯಾರೂ ಹೇಳ್ಲೇ ಇಲ್ಲ."

ನನಗೆ ಅಳು ಬಂತು. ಮರೆಮಾಚಲು ಪುಸ್ತಕ ತೆರೆದು, ಗೈರು ಎಂಬುದನ್ನು ಹೊಡೆದುಹಾಕಿ, ಹಾಜರು ಎಂದು ಬರೆದು ಮುಂದೆ ಹಿಡಿದೆ. ಮೂವರೂ ಸಹಿ ಮಾಡಿದರು. ಆಕ್ಷೇಪಣೆ ಎತ್ತಲು ಯಾರಿಗೂ ಉಸಿರಿರಲಿಲ್ಲ.

ಈಗ ಪ್ರತಿ ಭಾನುವಾರ ನಾಲ್ವರು ಹೊರುತ್ತಾರೆ. ಅದಕ್ಕೊಂದು ಸರದಿ ಪಟ್ಟಿಯಿದೆ, ಇಲ್ಲದಿದ್ದರೆ ಅದು ನಮ್ಮ ಸಭೆಯೇ ಅಲ್ಲ. ಮಾವ ಹಾಡುಗಾರರ ಹಿಂದಿನ ಸಾಲಿನಲ್ಲಿ ಕೂತು ಅಂಚು ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಾರೆ. ಕೆಳಗಿನ ಕಂಬದ ಬಳಿ ಯಾರೂ ಇಲ್ಲ. ಎರಡನೆಯ ವಾರವೇ ಒಂದು ಹೆಲ್ಮೆಟ್ಟು ಕಳುವಾಯಿತು. ನನ್ನದೇ. ಹೆಲ್ಮೆಟ್ಟಿಲ್ಲದೆ ಓಡಿಸಿದರೆ ದಂಡವೆಂದು ಸುಡುಬಿಸಿಲಲ್ಲಿ ಗಾಡಿ ತಳ್ಳಿಕೊಂಡು ಮನೆಗೆ ನಡೆದೆ, ಹೆಂಡತಿ ಗೌನು ಎತ್ತಿಕೊಂಡು ಪಕ್ಕದಲ್ಲೇ ಬಂದಳು, ದಾರಿಯುದ್ದಕ್ಕೂ ಇಬ್ಬರೂ ನಗುತ್ತಿದ್ದೆವು.

ಮುಂದಿನ ಸಮಿತಿಯ ನಡಾವಳಿಯಲ್ಲಿ ಐದನೆಯ ವಿಷಯವನ್ನು ನಾನೇ ಸೇರಿಸಿದೆ: "ಹೆಲ್ಮೆಟ್ ಕಳವು ಮತ್ತೆ ಶುರುವಾಗಿರುವುದಕ್ಕೆ ದೇವರಿಗೆ ಸ್ತೋತ್ರ." ಹೆಡ್‌ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಆಮೇಲೆ ಸಹಿ ಹಾಕಿದರು.